ಬೇಕಾದ ತೂತು, ಬೇಡದ ತೂತು

ಬನಹಟ್ಟಿಯಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಒಂದು ಅನುಕೂಲವಿದೆ. ಯಂತ್ರಗಳ ಪಾಠ ಬಂದಾಗ ಬೋರ್ಡಿನ ಮೇಲೆ ಚಿತ್ರ ತೆಗೆದು ಒದ್ದಾಡಬೇಕಾಗಿಲ್ಲ. ಕಿಟಕಿ ತೆರೆದರೆ ಸಾಕು, ಪಕ್ಕದ ಓಣಿಯಿಂದ ವಿದ್ಯುತ್ ಮಗ್ಗಗಳ ಖಟಖಟ ಸದ್ದು ಒಳಗೆ ಬರುತ್ತದೆ. ಸನ್ನೆ, ಗಾಲಿ, ಹಲ್ಲುಗಾಲಿ ಎಲ್ಲವೂ ಮಕ್ಕಳ ಮನೆಯಲ್ಲಿಯೇ ಇವೆ. ಅನನುಕೂಲವೂ ಅದೇ. ಗಿಯರಿನ ಬಗ್ಗೆ ನಾನು ಏನಾದರೂ ತಪ್ಪು ಹೇಳಿದರೆ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. ನಾನು ಈಗ ಹೇಳಹೊರಟಿರುವುದು ಅಂಥದೊಂದು ಕೈಯಿಂದ ಶುರುವಾದ ಸಂಗತಿ.

ನೀತಿ ಆಯೋಗದವರು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಹೆಸರನ್ನು ನೀವು ಕೇಳಿರಬಹುದು. ಅಂಥ ಪ್ರಯೋಗಾಲಯಗಳಲ್ಲಿ ತ್ರೀ-ಡಿ ಪ್ರಿಂಟರ್ ಎಂಬ ಯಂತ್ರವಿರುತ್ತದೆ. ಪ್ಲಾಸ್ಟಿಕ್ ದಾರವನ್ನು ಕರಗಿಸಿ, ದೋಸೆಯ ಮೇಲೆ ದೋಸೆ ಹೊಯ್ದಂತೆ ಪದರದ ಮೇಲೆ ಪದರ ಹಾಕುತ್ತ ವಸ್ತುವನ್ನು ಬೆಳೆಸುವುದು ಅದರ ಕೆಲಸ. ಒಂದೊಂದು ಪದರ ಸುಮಾರು ಮಿಲಿಮೀಟರಿನ ಐದರ ಒಂದು ಪಾಲು ದಪ್ಪ. ನಮ್ಮ ಕೈಗೂ ಒಂದು ಬಂತು. ಬಂದ ಹೊಸತರಲ್ಲಿ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಣಪತಿಯ ಪುಟ್ಟ ಮೂರ್ತಿಯೊಂದನ್ನು ತೆಗೆದೆವು. ಅಲ್ಲಿಂದ ಮುಂದೆ ಅದರ ಮೇಲೆ ಧೂಳಿನ ಮುಸುಕೇ ಹೆಚ್ಚು ಕಾಲ ಇತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ವಿಜ್ಞಾನ ಪ್ರದರ್ಶನಕ್ಕೆಂದು ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಮಗ್ಗದ ಮಾದರಿ ಮಾಡುತ್ತೇನೆಂದಳು. ನೇಯ್ದ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಳ್ಳುವ ಭಾಗದಲ್ಲಿ ಒಂದರ ಬೆನ್ನಿಗೊಂದು ಹಲ್ಲುಗಾಲಿಗಳಿರುತ್ತವೆ. ಅವುಗಳಲ್ಲಿ ಒಂದನ್ನು ಬದಲಿಸಿದರೆ ಒಂದು ಇಂಚಿಗೆ ಎಷ್ಟು ಹೊಕ್ಕಿನ ಎಳೆ ಬೀಳಬೇಕೆಂಬುದು ಬದಲಾಗುತ್ತದೆ. ಸೀರೆ ದಟ್ಟವಾಗುವುದೋ ಜಾಳಾಗುವುದೋ ಆ ಗಾಲಿಯ ಹಲ್ಲಿನ ಲೆಕ್ಕದಲ್ಲಿದೆ. ಅದನ್ನು ಪ್ರಿಂಟ್ ಮಾಡಿ ತೋರಿಸುವುದು ಅವಳ ಆಸೆ. ನಮಗೆ ಗಿಯರಿನ ಚಿತ್ರ ರಚಿಸುವ ವಿದ್ಯೆ ಗೊತ್ತಿರಲಿಲ್ಲ. ಇಂಟರ್‌ನೆಟ್ಟಿನಿಂದ ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಇಟ್ಟಿದ್ದ ಒಂದು ಗಿಯರಿನ ಫೈಲನ್ನು ಇಳಿಸಿಕೊಂಡೆವು.

ತೆರೆದು ನೋಡಿದರೆ ಪರದೆಯ ಮೇಲೆ ಏನೂ ಇಲ್ಲ. ಕನ್ನಡಕ ಒರೆಸಿಕೊಂಡು ಹುಡುಕಿದಾಗ ಮಧ್ಯದಲ್ಲಿ ಜೋಳದ ಕಾಳಿನಷ್ಟು ಒಂದು ಚುಕ್ಕೆ. ನಾಲ್ಕು ಇಂಚಿನ ಗಿಯರ್ ನಾಲ್ಕು ಮಿಲಿಮೀಟರಿನ ಗಿಯರಾಗಿ ಬಂದು ಕೂತಿತ್ತು! ಎಸ್‌ಟಿಎಲ್ ಎಂಬ ಆ ನಮೂನೆಯ ಫೈಲು ಅಮೆರಿಕದ ತ್ರೀ-ಡಿ ಸಿಸ್ಟಮ್ಸ್ ಕಂಪನಿಯಲ್ಲಿ 1987ರ ಸುಮಾರಿಗೆ ಹುಟ್ಟಿದ್ದು. ಅದರಲ್ಲಿ ಬರೀ ಅಂಕಿಗಳಿರುತ್ತವೆ. ಅವು ಇಂಚೋ, ಮಿಲಿಮೀಟರೋ, ಮೊಳವೋ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಉತ್ತರದ ಮುಂದೆ ಮೂಲಮಾನ ಬರೆಯದಿದ್ದರೆ ಅರ್ಧ ಅಂಕ ಕತ್ತರಿಸುವ ನನ್ನಂಥವನಿಗೆ ಇದು ಎಂಥ ಸಮಾಧಾನ ಕೊಟ್ಟಿತು ಗೊತ್ತೆ? ಇರಲಿ. 25.4ರಿಂದ ಗುಣಿಸಿದೆವು, ಗಿಯರ್ ಬೆಳೆದು ನಿಂತಿತು.

ಪ್ರಿಂಟಿಗೆ ಹಾಕಿದರೆ ಅರ್ಧ ತಾಸಿನಲ್ಲಿ ಗೊತ್ತಾಯಿತು, ಎಲ್ಲೋ ಎಡವಟ್ಟಾಗಿದೆ. ಒಂದು ಹಲ್ಲು ಪೊಳ್ಳಾಗಿ ಏಳುತ್ತಿತ್ತು. ನಡುವಿನ ಭಾಗದಲ್ಲಿ ಯಂತ್ರ ಎಲ್ಲೆಂದರಲ್ಲಿ ದಾರ ಎಳೆದು ಜೇಡರ ಬಲೆ ಕಟ್ಟಿತ್ತು. ಕಾರಣ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಆ ಫೈಲಿನಲ್ಲಿ ವಸ್ತುವಿನ ಹೊರಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಿಂದ ಮುಚ್ಚಿರುತ್ತಾರೆ. ಪ್ರತಿ ತ್ರಿಕೋನದ ಮೂರು ಮೂಲೆಗಳನ್ನು ಬೇರೆ ಬೇರೆಯಾಗಿ ಬರೆದಿರುತ್ತಾರೆಯೇ ವಿನಾ, ಪಕ್ಕದವನು ಯಾರೆಂದು ಬರೆದಿರುವುದಿಲ್ಲ. ಒಂದು ತ್ರಿಕೋನ ತಪ್ಪಿಹೋದರೆ ಮೈಯಲ್ಲಿ ತೂತು. ತೂತಿದ್ದರೆ ಒಳಗು ಯಾವುದು, ಹೊರಗು ಯಾವುದು ಎಂದು ಯಂತ್ರಕ್ಕೆ ತಿಳಿಯದು. ಒಡೆದ ಕೊಡಕ್ಕೆ ನೀರು ಒಳಗಿದೆಯೋ ಹೊರಗಿದೆಯೋ ಗೊತ್ತಾಗದು, ಹಾಗೆ.

ಇಲ್ಲಿ ಒಂದು ಚೆಂದದ ಲೆಕ್ಕವಿದೆ, ಹೇಳದೆ ಮುಂದೆ ಹೋಗಲಾರೆ. ತೂತಿಲ್ಲದೆ ಪೂರಾ ಮುಚ್ಚಿದ ಮೈಯಲ್ಲಿ ಪ್ರತಿ ಅಂಚೂ ಸರಿಯಾಗಿ ಎರಡು ತ್ರಿಕೋನಗಳಿಗೆ ಸೇರಿರಬೇಕು. ತ್ರಿಕೋನಕ್ಕೆ ಮೂರು ಅಂಚು. ಅಂದರೆ ತ್ರಿಕೋನಗಳ ಸಂಖ್ಯೆಯನ್ನು 3ರಿಂದ ಗುಣಿಸಿದರೂ ಅಂಚುಗಳ ಸಂಖ್ಯೆಯನ್ನು 2ರಿಂದ ಗುಣಿಸಿದರೂ ಒಂದೇ ಉತ್ತರ ಬರಬೇಕು. ಹಾಗಾಗಬೇಕಾದರೆ ತ್ರಿಕೋನಗಳ ಸಂಖ್ಯೆ ಸಮಸಂಖ್ಯೆಯೇ ಆಗಿರಬೇಕು. ಇದನ್ನು ಬೋರ್ಡಿನ ಮೇಲೆ ಬರೆದಾಗ ಆ ಹುಡುಗಿ ಕಂಪ್ಯೂಟರಿನ ಮೂಲೆಯಲ್ಲಿದ್ದ ಸಂಖ್ಯೆ ನೋಡಿ, “ಸರ, ನಾಕು ಸಾವಿರದ ಚಿಲ್ಲರ ಐತ್ರಿ, ಕೊನೀ ಅಂಕಿ ಏಳು” ಎಂದಳು. ಬೆಸ! ತೂತು ಇದೆ ಎಂಬುದು ತೂತನ್ನು ಕಾಣುವ ಮೊದಲೇ ಸಿದ್ಧವಾಯಿತು. ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ಇಂಥ ಗಳಿಗೆಗಳು ಬೆರಳೆಣಿಕೆಯಷ್ಟು. (ಸಮಸಂಖ್ಯೆ ಬಂದ ಮಾತ್ರಕ್ಕೆ ತೂತಿಲ್ಲ ಎಂದರ್ಥವಲ್ಲ, ಎರಡು ತ್ರಿಕೋನ ತಪ್ಪಿಹೋಗಿರಬಹುದು.)

ತಂತ್ರಾಂಶದಲ್ಲಿ ‘ತಾನಾಗಿ ದುರಸ್ತಿ ಮಾಡು’ ಎಂಬ ಒಂದು ಗುಂಡಿ ಇತ್ತು. ಒತ್ತಿದೆ. ಎರಡು ಸೆಕೆಂಡಿನಲ್ಲಿ ಕೆಂಪು ಗುರುತುಗಳೆಲ್ಲ ಮಾಯ. ತ್ರಿಕೋನಗಳ ಸಂಖ್ಯೆ ಸಮ. ಮೂಲೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2 ಬರಬೇಕು ಎಂಬ ಆಯ್ಲರ್ ಮಹಾಶಯನ ಸೂತ್ರ ನಿಮಗೆ ನೆನಪಿರಬಹುದು. ಹಾಕಿ ನೋಡಿದೆ, 2 ಬಂತು. ಮಕ್ಕಳಿಂದ ಚಪ್ಪಾಳೆ ಹೊಡೆಸಿದೆ. ನಾಲ್ಕು ತಾಸು ಪ್ರಿಂಟರ್ ಓಡಿತು. ಹಲ್ಲುಗಳು ಮುತ್ತಿನಂತೆ ಬಂದವು. ಆಗಲೇ ಆ ಕೈ ಮೇಲೆದ್ದಿದ್ದು.

“ಸರ, ಇದು ಶಾಫ್ಟಿಗೆ ಹೆಂಗ ಕೂಡತೈತ್ರಿ?”

ನೋಡಿದೆ. ನಡುವೆ ಶಾಫ್ಟು ಹೋಗಬೇಕಾದ ತೂತೇ ಇರಲಿಲ್ಲ! ಇಳಿಸಿಕೊಂಡ ಫೈಲಿನಲ್ಲಿ ಆ ತೂತಿನ ಒಳಗೋಡೆ ತಪ್ಪಿಹೋಗಿತ್ತು. ದುರಸ್ತಿಯ ಗುಂಡಿಗೆ ಕಂಡದ್ದು ಎರಡು ದುಂಡನೆಯ ಬಾಯಿಗಳು, ಮೇಲೊಂದು, ಕೆಳಗೊಂದು. ಅದು ನಿಷ್ಠೆಯಿಂದ ಎರಡಕ್ಕೂ ಮುಚ್ಚಳ ಹಾಕಿತ್ತು. ಹೀಗೆ ತೂತು ಹಾಯ್ದುಹೋದ ಗಾಲಿಗೆ ಆಯ್ಲರನ ಲೆಕ್ಕದಲ್ಲಿ ಬರಬೇಕಾದದ್ದು 2 ಅಲ್ಲ, ಸೊನ್ನೆ. ಪಠ್ಯಪುಸ್ತಕದಲ್ಲಿ ಇರುವುದು ಘನ, ಪಿರಮಿಡ್ಡು, ಪಟ್ಟಕಗಳು. ಅವಕ್ಕೆ 2 ಬರುತ್ತದೆ. ನಾನು ಪುಸ್ತಕದ ಉತ್ತರ ಬಂತೆಂದು ಕುಣಿದಿದ್ದೆ. ಗಣಿತದ ಪ್ರಕಾರ ಎಲ್ಲಿಯೂ ಕೊರತೆಯಿಲ್ಲದ, ಮಗ್ಗಕ್ಕೆ ಮಾತ್ರ ಕೂಡದ ಗಿಯರೊಂದು ನನ್ನ ಅಂಗೈ ಮೇಲಿತ್ತು.

ಆಗ ನೆನಪಾದವನು ನನ್ನ ಹಳೆಯ ವಿದ್ಯಾರ್ಥಿ. ನೇಕಾರರ ಮನೆಯ ಹುಡುಗ, ಡಿಪ್ಲೊಮಾ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿಗೆ ಅಚ್ಚು ಮಾಡಿಕೊಡುವ ಒಂದು ಕಾರ್ಖಾನೆಯಲ್ಲಿದ್ದಾನೆ. “ಏನ್ ಕೆಲಸಪಾ ನಿಂದು?” ಎಂದು ಕೇಳಿದಾಗಲೆಲ್ಲ “ಹೊರದೇಶದಿಂದ ಬಂದ ಡ್ರಾಯಿಂಗಿಗೆ ತೇಪಿ ಹಚ್ಚೂದ್ರಿ ಸರ” ಎನ್ನುತ್ತಿದ್ದ. ವಿನಯದ ಮಾತೆಂದು ನಾನು ಬಿಟ್ಟುಬಿಟ್ಟಿದ್ದೆ. ಈಗ ತಿಳಿಯಿತು, ಅದು ಕೆಲಸದ ವರ್ಣನೆಯೇ ಆಗಿತ್ತು.

ಶನಿವಾರ ರಾತ್ರಿ ಬರುತ್ತೇನೆಂದಿದ್ದವನು ಬಂದಾಗ ನಡುರಾತ್ರಿ. ಯರಗಟ್ಟಿ, ಲೋಕಾಪುರದವರೆಗೆ ಸುಸೂತ್ರವಾಗಿ ಬಂದ ಬಸ್ಸು ಮುಧೋಳದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಬೆನ್ನಿಗೆ ಸಿಕ್ಕಿಕೊಂಡಿತಂತೆ. ಕಾರ್ಖಾನೆಗಳು ಅರೆಯುವ ಕಾಲದಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರುದಿನ ಬೆಳಿಗ್ಗೆ ನಾನು ಜಮಖಂಡಿಯಿಂದ ಬನಹಟ್ಟಿಗೆ ಅವನ ಮನೆಗೇ ಹೋದೆ. ಗೋಡೆಯ ಆಚೆ ನಾಲ್ಕು ಮಗ್ಗ, ಈಚೆ ಚಾಪೆಯ ಮೇಲೆ ಲ್ಯಾಪ್‌ಟಾಪು, ಚುರುಮುರಿಯ ತಾಟು, ಚಹಾ.

ಅವನು ಗುಂಡಿ ಒತ್ತಲಿಲ್ಲ. ಮೊದಲು ನಾನು ಹಾಕಿಸಿದ್ದ ಎರಡು ಮುಚ್ಚಳಗಳನ್ನು ಕಿತ್ತು ಹಾಕಿದ. ಆಮೇಲೆ ತಂದೆಯನ್ನು ಕರೆದು, “ಅಪ್ಪಾ, ಈ ಗಾಲಿ ಕೂಡೂ ಶಾಫ್ಟ್ ಎಷ್ಟ್ ದಪ್ಪ ಐತಿ?” ಎಂದು ಕೇಳಿ, ವರ್ನಿಯರ್ ಹಿಡಿದು ತಾನೇ ಹೋಗಿ ಅಳೆದು ಬಂದ. ಫೈಲಿನಲ್ಲಿದ್ದ ದುಂಡು ಬಾಯಿಯ ಅಳತೆಯನ್ನು ಅದಕ್ಕೆ ತಾಳೆ ನೋಡಿದ. ಎರಡು ಬಾಯಿಗಳ ನಡುವೆ ಗೋಡೆ ಎಬ್ಬಿಸಿದ. ಹಲ್ಲಿನ ಬುಡದಲ್ಲಿ ಕಾಣೆಯಾಗಿದ್ದ ಒಂದೇ ಒಂದು ತ್ರಿಕೋನವನ್ನು ಕೂಡಿಸಿದ. “ಈಗ ಸೊನ್ನಿ ಬಂತು ನೋಡ್ರಿ ಸರ” ಎಂದ. ಹತ್ತು ನಿಮಿಷದ ಕೆಲಸ. ಅದರಲ್ಲಿ ಆರು ನಿಮಿಷ ಮಗ್ಗದ ಬಳಿ ಕಳೆದದ್ದು.

“ಇದು ಆಟಿಗಿ ಸಾಮಾನ್ರಿ. ನಮಗ ಬರೂವು ಬ್ಯಾರೆ” ಎಂದು ತನ್ನ ಕಾರ್ಖಾನೆಯ ಕಥೆಗೆ ಬಂದ. ಪಂಪಿನ ಕವಚವೋ ಇನ್ನೇನೋ, ಅದನ್ನು ಜರ್ಮನಿಯಲ್ಲಿ ಒಬ್ಬ ಎಂಜಿನಿಯರು ಒಂದು ತಂತ್ರಾಂಶದಲ್ಲಿ ರಚಿಸುತ್ತಾನೆ. ಬೆಳಗಾವಿಯಲ್ಲಿರುವುದು ಇನ್ನೊಂದು ತಂತ್ರಾಂಶ. ಇದರ ಭಾಷೆ ಅದಕ್ಕೆ ಬಾರದು. ನಡುವೆ ದುಭಾಷಿಯಂತೆ ಒಂದು ಸಾಮಾನ್ಯ ನಮೂನೆಯ ಫೈಲು ಬೇಕು. 1980ರಲ್ಲಿ ಅಮೆರಿಕದಲ್ಲಿ ಹೊರಬಂದ ಐಜೆಸ್ ಅಂಥದೊಂದು. 1994ರಲ್ಲಿ ಸ್ಟೆಪ್ ಎಂಬ ಅಂತರರಾಷ್ಟ್ರೀಯ ಮಾನಕ ಬಂತು, ಅದಕ್ಕೆ ಐಎಸ್‌ಒ 10303 ಎಂಬ ಸಂಖ್ಯೆ. ಇಲ್ಲಿ ತ್ರಿಕೋನಗಳಿರುವುದಿಲ್ಲ. ನಿಜವಾದ ಬಾಗಿದ ಮೇಲ್ಮೈಗಳೇ ಇರುತ್ತವೆ, ಪ್ರತಿಯೊಂದನ್ನೂ ಸಮೀಕರಣದಲ್ಲಿ ಬರೆದಿರುತ್ತಾರೆ. ದರ್ಜಿ ಅರಿವೆ ಕತ್ತರಿಸಿದಂತೆ ಅಂಚುಗಳನ್ನು ಕತ್ತರಿಸಿ ಒಂದಕ್ಕೊಂದು ಹೊಲಿದಿರುತ್ತಾರೆ. ಆ ಫೈಲನ್ನು ಇಲ್ಲಿ ತೆರೆದಾಗ ಕೆಲವು ಹೊಲಿಗೆಗಳು ಬಿಟ್ಟಿರುತ್ತವೆ. ಎರಡು ಮೇಲ್ಮೈಗಳ ನಡುವೆ ಸಂದು ಬಿದ್ದಿರುತ್ತದೆ, ಇಲ್ಲವೆ ಒಂದರ ಮೇಲೊಂದು ಏರಿರುತ್ತದೆ. ಕೆಲವು ಕಡೆ ಒಳಮೈ ಹೊರಗಾಗಿ ತಿರುಗಿರುತ್ತದೆ. ಕೂದಲಿಗಿಂತ ಸಣ್ಣ ಚಿಂದಿಯಂಥ ಮುಖಗಳು ಹುಟ್ಟಿಕೊಂಡಿರುತ್ತವೆ. ಕಣ್ಣಿಗೆ ಕಾಣುವ ಗೋಡೆ ಪೂರ್ತಿಯಾಗಿದ್ದರೂ ಕಂಪ್ಯೂಟರು “ಇದು ಘನವಸ್ತುವಲ್ಲ, ಬರೀ ಸಿಪ್ಪೆ” ಎಂದು ಹೇಳಿ ಕೈಕಟ್ಟಿ ಕೂಡುತ್ತದೆ.

“ಹಂಗಾರ ಕಳಿಸಿದಾವ ತಪ್ಪು ಮಾಡ್ಯಾನ?” ಎಂದೆ. ಮಾಸ್ತರನ ಬುದ್ಧಿ, ಮೊದಲು ತಪ್ಪು ಯಾರದೆಂದು ಹುಡುಕುತ್ತದೆ.

“ಇಲ್ರಿ ಸರ. ಅವನ ಕಂಪ್ಯೂಟರಿನ್ಯಾಗ ಅದು ಕೂಡೇ ಇರತೈತಿ.”

ಅವನು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎರಡು ನೇರ ಗೋಡೆಗಳು ಕೂಡಿದರೆ ಬರುವುದು ಸರಳರೇಖೆ, ಅಡ್ಡಿಯಿಲ್ಲ. ಆದರೆ ಕಾರಿನ ಬಾನೆಟ್ಟಿನಂಥ ಬಾಗಿದ ಮೈಗಳನ್ನು ಸಾಮಾನ್ಯವಾಗಿ ಎರಡೂ ದಿಕ್ಕಿನಲ್ಲಿ ಮೂರನೆಯ ಘಾತದ ಬಹುಪದಗಳಿಂದ ಬರೆಯುತ್ತಾರೆ. ಅಂಥದೊಂದು ಮೈಯನ್ನು ಒಂದೇ ಸಮೀಕರಣದಲ್ಲಿ ಬರೆಯಹೋದರೆ ಅದರ ಘಾತ 18. ಅಂಥ ಎರಡು ಮೈಗಳು ಕೂಡುವ ಗೆರೆಯ ಘಾತ 18 ಗುಣಿಸು 18, ಅಂದರೆ 324! ಎರಡನೆಯ ಘಾತದ ವರ್ಗ ಸಮೀಕರಣ ಬಿಡಿಸಲು ಕಲಿಸುವುದಕ್ಕೆ ನಾನು ಹತ್ತನೆಯ ಇಯತ್ತೆಯಲ್ಲಿ ಒಂದು ತಿಂಗಳು ತೆಗೆದುಕೊಳ್ಳುತ್ತೇನೆ. 324ರ ಗೊಡವೆಗೆ ಯಾವ ತಂತ್ರಾಂಶವೂ ಹೋಗುವುದಿಲ್ಲ. ಗೆರೆಯ ಮೇಲೆ ಅಲ್ಲಲ್ಲಿ ಬಿಂದುಗಳನ್ನು ಲೆಕ್ಕ ಹಾಕಿ, ಅವುಗಳ ಮೂಲಕ ಒಂದು ಸುಲಭದ ವಕ್ರರೇಖೆಯನ್ನು ಹಾಯಿಸಿ, “ಸಾಕಷ್ಟು ಹತ್ತಿರ ಬಂತು, ಇದೇ ಅಂಚು” ಎನ್ನುತ್ತದೆ. ಹೀಗಾಗಿ ಅಂಚು ಎರಡೂ ಮೈಗಳ ಮೇಲೆ ಸರಿಯಾಗಿ ಕೂತಿರುವುದೇ ಇಲ್ಲ, ಆಚೀಚೆ ತುಸುವೇ ತೇಲುತ್ತಿರುತ್ತದೆ.

ಆ ‘ಸಾಕಷ್ಟು ಹತ್ತಿರ’ ಎಂಬುದೇ ಎಲ್ಲ ಜಗಳದ ಮೂಲ. ಕಾರ್ಖಾನೆಯವರು ಅದಕ್ಕೆ ಟಾಲರೆನ್ಸ್ ಎನ್ನುತ್ತಾರೆ. ಸೈರಣೆ ಎನ್ನಬಹುದೇನೋ, ನನಗಂತೂ ಆ ಮಾತು ಹಿಡಿಸುತ್ತದೆ. ಒಂದೊಂದು ತಂತ್ರಾಂಶದ ಸೈರಣೆ ಒಂದೊಂದು ಥರ. ವಿಮಾನ, ಕಾರುಗಳ ವಿನ್ಯಾಸಕ್ಕೆ ಹೆಸರಾದ ಕ್ಯಾಟಿಯಾ ಮಿಲಿಮೀಟರಿನ ಸಾವಿರದ ಒಂದು ಪಾಲಿನೊಳಗೆ ಬಂದರೆ ‘ಕೂಡಿತು’ ಎನ್ನುತ್ತದೆ. ಪ್ಯಾರಾಸಾಲಿಡ್ ಎಂಬ ಗಣಕಯಂತ್ರದ ತಿರುಳನ್ನು ಬಳಸುವ ತಂತ್ರಾಂಶಗಳು ಲಕ್ಷದ ಒಂದು ಪಾಲಿನವರೆಗೆ ಪಟ್ಟು ಹಿಡಿಯುತ್ತವೆ. ಅಲ್ಲಿ ಕೂಡಿದ್ದು ಇಲ್ಲಿ ಬಿಟ್ಟಿದೆ ಎಂದಾಗುತ್ತದೆ. ನಮ್ಮ ಹಿರಿಯರು ಕಂಡ ಕಾಲದಲ್ಲಿ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಎರಡೂ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಅತ್ತಣ ದಫ್ತರ ಅತ್ತ, ಇತ್ತಣ ದಫ್ತರ ಇತ್ತ. ಒಂದು ಕಡೆ ಸರಿಯಿದ್ದ ಕಾಗದ ಇನ್ನೊಂದು ಕಡೆಯ ಕಚೇರಿಯಲ್ಲಿ ನಡೆಯಲೇಬೇಕೆಂದಿರಲಿಲ್ಲ. ಸುಳ್ಳು ಬರೆದವರು ಯಾರೂ ಅಲ್ಲ.

ಇದು ಬೆಳಗಾವಿಯ ಒಂದು ಕೋಣೆಯ ತಾಪತ್ರಯ ಮಾತ್ರವಲ್ಲ. ಅಮೆರಿಕದ ಮಾನಕಗಳ ರಾಷ್ಟ್ರೀಯ ಸಂಸ್ಥೆಗಾಗಿ 1999ರಲ್ಲಿ ನಡೆಸಿದ ಅಧ್ಯಯನವೊಂದು, ಆ ದೇಶದ ಮೋಟಾರು ಉದ್ಯಮವೊಂದರಲ್ಲಿಯೇ ಹೀಗೆ ಫೈಲುಗಳು ಒಂದರಿಂದ ಒಂದಕ್ಕೆ ಸರಿಯಾಗಿ ದಾಟದ ಕಾರಣ ವರ್ಷಕ್ಕೆ ಕಡಿಮೆಯೆಂದರೂ 100 ಕೋಟಿ ಡಾಲರ್ ನಷ್ಟವೆಂದು ಅಂದಾಜು ಮಾಡಿತು. 2006ರಲ್ಲಿ ಏರ್‌ಬಸ್ ಕಂಪನಿಯ ಎ380 ಎಂಬ ದೈತ್ಯ ವಿಮಾನದ ಕಥೆ ಪತ್ರಿಕೆಗಳಲ್ಲಿ ಬಂದಿತ್ತು. ಹ್ಯಾಂಬರ್ಗಿನವರು ಕ್ಯಾಟಿಯಾದ ನಾಲ್ಕನೆಯ ಆವೃತ್ತಿಯಲ್ಲಿ, ತುಲೂಸಿನವರು ಐದನೆಯದರಲ್ಲಿ ಕೆಲಸ ಮಾಡಿದ್ದರು. ಒಂದೇ ಕಂಪನಿಯ ತಂತ್ರಾಂಶ, ಆವೃತ್ತಿ ಮಾತ್ರ ಬೇರೆ. ಜರ್ಮನಿಯಿಂದ ಬಂದ ತಂತಿಯ ಹೊರೆಗಳು ವಿಮಾನದ ಮೈಯೊಳಗೆ ಕೂಡಲಿಲ್ಲ, ಗಿಡ್ಡವಾದವು. ಒಂದು ವಿಮಾನದಲ್ಲಿ ಸುಮಾರು 500 ಕಿಲೋಮೀಟರ್ ತಂತಿ! ವಿಮಾನ ಕೈಗೆ ಬರುವುದು ವರ್ಷಗಟ್ಟಲೆ ತಡವಾಯಿತು.

ಹುಡುಗನ ತಂದೆ ಅಷ್ಟು ಹೊತ್ತು ಗೋಡೆಗೆ ಒರಗಿ ಕೇಳುತ್ತ ಕೂತಿದ್ದವರು, “ಅಂದರ ಇದು ನಮ್ಮ ಕೆಚ್ಚೂ ಕೆಲಸ ಅನ್ರಿ ಮಾಸ್ತರ” ಎಂದರು. ನೇಕಾರರಲ್ಲದವರಿಗೆ ತಿಳಿಸುವುದಾದರೆ, ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಹೊಸ ಬೀಮಿನ ಒಂದೊಂದು ಎಳೆಯನ್ನೂ ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸೆದು ಸೇರಿಸುತ್ತಾರೆ. ಅದು ಕೆಚ್ಚುವುದು. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ನಡುವೆ ಒಂದು ಎಳೆ ತಪ್ಪಿ ಪಕ್ಕದ ಎಳೆಗೆ ಸೇರಿದರೆ ಗಂಟೇನೋ ಗಟ್ಟಿಯಾಗಿಯೇ ಇರುತ್ತದೆ, ಸೀರೆಯ ಉದ್ದಕ್ಕೂ ಮಾತ್ರ ಗೆರೆ ಬೀಳುತ್ತದೆ. “ಕೂಡಿಸೂದು ದೊಡ್ಡದಲ್ಲ, ಯಾವುದಕ್ಕ ಯಾವುದು ಅನ್ನೂದು ನೋಡಬೇಕು” ಎಂದು ಅವರು ಎದ್ದು ಮಗ್ಗದ ಕಡೆ ಹೋದರು. ಮಗ ಏನು ಕೆಲಸ ಮಾಡುತ್ತಾನೆಂದು ಅವರಿಗೂ ಅಂದೇ ತಿಳಿದದ್ದಿರಬೇಕು, ಮುಖದ ಮೇಲೆ ಹಾಗೆ ಕಂಡಿತು.

ಆಮೇಲೆ ಹುಡುಗ ಹೇಳಿದ ಒಂದು ಪ್ರಸಂಗಕ್ಕಾಗಿಯೇ ನಾನು ಇಷ್ಟೆಲ್ಲ ಬರೆದದ್ದು.

ಹಿಂದೊಮ್ಮೆ ಅವನ ಕೈಗೆ ಬಂದ ಒಂದು ಮಾದರಿಯಲ್ಲಿ ಎರಡು ಮೈಗಳ ನಡುವೆ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಸಂದು ಇತ್ತು. ಮಾರನೆಯ ದಿನ ಅಚ್ಚು ಕೊರೆಯಲು ಹೋಗಬೇಕು. ಮೇಲಿನವರು, “ಟಾಲರೆನ್ಸ್ ಅರ್ಧ ಮಿಲಿಮೀಟರಿಗೆ ಏರಿಸು, ತಾನೇ ಮುಚ್ಚಿಕೊಳ್ಳುತ್ತದೆ” ಎಂದರು. ಏರಿಸಿದರೆ ಮುಚ್ಚಿಕೊಳ್ಳುತ್ತದೆ, ಅದು ನಿಜ. ಕನ್ನಡಕ ತೆಗೆದರೆ ಗೋಡೆಯ ಬಿರುಕು ಕಾಣದಿರುವಂತೆ. ಇವನಿಗೆ ಒಂದು ಅನುಮಾನ. ಉಳಿದ ಬಿಟ್ಟ ಹೊಲಿಗೆಗಳೆಲ್ಲ ಮಿಲಿಮೀಟರಿನ ನೂರರ, ಸಾವಿರದ ಪಾಲಿನವು. ಇದೊಂದೇ ಇಷ್ಟು ದೊಡ್ಡದೇಕೆ? ಅದೂ ಸುತ್ತಲೂ ಒಂದೇ ಅಗಲ. ತಪ್ಪಿನಿಂದ ಬಿದ್ದ ಸಂದು ಹೀಗೆ ಒಂದೇ ಅಗಲ ಇರುವುದಿಲ್ಲ. ಮುಚ್ಚದೆ ಆ ಕಡೆಯವರಿಗೆ ಬರೆದು ಕೇಳಿದ. ಉತ್ತರ ಬರಲು ಎರಡು ದಿನ. ಅದು ಸಂದಲ್ಲ, ಬೇಕೆಂದೇ ಇಟ್ಟ ಸಣ್ಣ ಗಾಡಿ, ಅದರ ತಳ ಮತ್ತು ಪಕ್ಕದ ಗೋಡೆಗಳು ಫೈಲಿನಲ್ಲಿ ದಾಟಿ ಬಂದಿಲ್ಲ ಎಂದು ತಿಳಿಯಿತು. ಮುಚ್ಚಿದ್ದರೆ ಎರಕ ಹೊಯ್ದದ್ದೆಲ್ಲ ಗುಜರಿಗೆ.

“ಶಭಾಸ್ ಅಂದಿರಬೇಕಲ್ಲ?” ಎಂದೆ.

“ಎಲ್ಲೀದ್ರಿ ಸರ. ಎರಡು ದಿನ ಮಷಿನ್ ಖಾಲಿ ನಿಲ್ಲಿಸಿದಿ ಅಂತ ಬೈಸ್ಕೊಂಡೆ.” ನಕ್ಕು, ಚುರುಮುರಿಯ ತಾಟನ್ನು ನನ್ನ ಕಡೆ ಸರಿಸುತ್ತ ಹೇಳಿದ: “ನನಗೇನ್ ಅದು ಹೊಸಾದಲ್ಲ. ಒಂಬತ್ತನೇತ್ತ್ಯಾಗ ನಿಮ್ಮ ಕಡಿಂದನೂ ಬೈಸ್ಕೊಂಡಿದ್ನೆಲ್ರಿ, ಮಧ್ಯರೇಖೆ ಕೂಡಿಸಲಿಲ್ಲ ಅಂತ.”

ನನಗೆ ನೆನಪಿರಲಿಲ್ಲ. ಅವನು ನೆನಪಿಸಿದ. ತ್ರಿಭುಜದ ಮೂರು ಮಧ್ಯರೇಖೆಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ ಎಂಬ ಪಾಠ. ರಚನೆ ಮಾಡಿ ತನ್ನಿ ಎಂದಿದ್ದೆ. ಇಡೀ ವರ್ಗದಲ್ಲಿ ಎಲ್ಲರ ಗೆರೆಗಳೂ ಸರಿಯಾಗಿ ಒಂದೇ ಬಿಂದುವಿನಲ್ಲಿ ಕೂಡಿದ್ದವು, ಇವನದು ಮಾತ್ರ ಕೂಡಿರಲಿಲ್ಲ. ನಡುವೆ ಎಳ್ಳಿನಷ್ಟು ಒಂದು ತ್ರಿಕೋನ ಉಳಿದಿತ್ತು. ನಾನು ಅದರ ಸುತ್ತ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ, ‘ಅಜಾಗ್ರತೆ’ ಎಂದು ಬರೆದಿದ್ದೆನಂತೆ. ಉಳಿದವರು ಮಾಡಿದ್ದೇನೆಂದು ಯಾವ ಮಾಸ್ತರನಿಗೆ ಗೊತ್ತಿಲ್ಲ? ಎರಡು ಗೆರೆ ಎಳೆದು, ಅವು ಕೂಡಿದಲ್ಲಿ ಚುಕ್ಕೆ ಇಟ್ಟು, ಮೂರನೆಯದನ್ನು ಬಾಹುವಿನ ಮಧ್ಯಬಿಂದು ಬಿಟ್ಟು ಆ ಚುಕ್ಕೆಗೇ ಗುರಿಯಿಟ್ಟು ಎಳೆಯುವುದು. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾಗೆಯೇ ಎಳೆದವನು. ಇವನು ಮೂರೂ ಮಧ್ಯಬಿಂದುಗಳನ್ನು ಅಳೆದು ಮೂರೂ ಗೆರೆಗಳನ್ನು ಬಂದಂತೆ ಬಿಟ್ಟಿದ್ದ. ಪೆನ್ಸಿಲು ಮೊಂಡು, ಸ್ಕೇಲು ಪ್ಲಾಸ್ಟಿಕ್ಕಿನದು, ಹನ್ನೆರಡರ ಕೈ. ಎಳ್ಳಿನಷ್ಟು ಉಳಿಯದಿದ್ದರೇ ಆಶ್ಚರ್ಯ. ಗುಂಡಿ ಒತ್ತಿದ ನಲವತ್ತು ಮಂದಿಗೆ ನಾನು ಪೂರ್ತಿ ಅಂಕ ಕೊಟ್ಟಿದ್ದೆ.

ಅವನ ಮಾತಿನಲ್ಲಿ ಮುನಿಸಿರಲಿಲ್ಲ. ಅದೇ ಹೆಚ್ಚು ಚುಚ್ಚಿತು. “ತಪ್ಪಾತಪಾ” ಎನ್ನಬೇಕೆಂದುಕೊಂಡೆ. ಗಂಟಲಿಗೆ ಬಂದದ್ದು, “ಚಹಾ ಆರಿತು ನೋಡು” ಎಂಬ ಮಾತು.

ಆ ರಾತ್ರಿ ಜಮಖಂಡಿಯ ಮನೆಯಲ್ಲಿ ನಿದ್ದೆ ಸರಿಯಾಗಿ ಬರಲಿಲ್ಲ. ಎಲ್ಲೋ ಹೂತುಹೋಗಿದ್ದ ಇನ್ನೊಂದು ಸಂಗತಿ ಮೇಲೆದ್ದು ಬಂತು. ನನ್ನ ಹುಟ್ಟೂರು ಬೀಳಗಿ ತಾಲ್ಲೂಕಿನಲ್ಲಿ, ಘಟಪ್ರಭೆಯ ದಂಡೆಯ ಮೇಲೆ ಇತ್ತು. ‘ಇತ್ತು’ ಎಂದೇ ಹೇಳಬೇಕು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲು ಇಟ್ಟ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಅದು ಈಗ ಇಲ್ಲ. ನಾನು ಹುಡುಗನಾಗಿದ್ದಾಗ ಮುಳುಗಡೆಯ ಸರ್ವೆಯವರು ಬಂದು ಗುಡಿಯ ಹತ್ತಿರ ಡೇರೆ ಹಾಕಿದ್ದರು. ಸರಪಳಿಯ ತುದಿ ಹಿಡಿಯುವ ಕೆಲಸ ನನಗೆ ಸಿಕ್ಕಿತ್ತು, ಅದೊಂದು ದೊಡ್ಡ ಪದವಿ. ಊರನ್ನು ಒಂದು ಸುತ್ತು ಅಳೆದು ಹೊರಟ ಕಲ್ಲಿಗೇ ಮರಳಿ ಬಂದೆವು. ರಾತ್ರಿ ಕಂದೀಲಿನ ಬೆಳಕಿನಲ್ಲಿ ಲೆಕ್ಕ ಹಾಕಿದ ಸರ್ವೇಯರು, “ಒಂದು ಗೇಣು ಕೂಡಲಿಲ್ಲ” ಎಂದರು. “ತಪ್ಪಾತೇನ್ರಿ?” ಎಂದು ನಾನು ಹೆದರುತ್ತ ಕೇಳಿದೆ, ಸರಪಳಿ ಹಿಡಿದವನು ನಾನಲ್ಲವೆ. ಅವರು ನಕ್ಕು, “ಏನೂ ಉಳಿಲಿಲ್ಲಂದ್ರ ಯಾರೋ ಸುಳ್ಳು ಬರದಾರ ಅಂತ ತಿಳಿಬೇಕು” ಎಂದರು. ಆ ಗೇಣನ್ನು ಮೊದಲು ಪುಸ್ತಕದಲ್ಲಿ ಬರೆದಿಟ್ಟರು. ಮಿತಿಯೊಳಗಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ, ಒಂದೊಂದು ಸಾಲಿನ ಉದ್ದಕ್ಕೆ ತಕ್ಕಂತೆ ತುಸು ತುಸುವೇ ಹಂಚಿದರು. ಅಂಥ ಮಾತು ಕೇಳಿದ ಹುಡುಗ ಮುಂದೆ ಬಿಎಸ್ಸಿ, ಬಿಎಡ್ ಮಾಡಿ, ಕೆಂಪು ಶಾಯಿಯ ಪೆನ್ನು ಹಿಡಿದು ಅದನ್ನು ಪೂರ್ತಿ ಮರೆತುಬಿಟ್ಟಿದ್ದ.

ಗಿಯರ್ ಪ್ರದರ್ಶನಕ್ಕೆ ಹೋಯಿತು. ಶಾಫ್ಟಿಗೆ ಕೂಡಿತು, ತಿರುಗಿತು. ಆ ಹುಡುಗಿ ಪಕ್ಕದಲ್ಲಿ ಮುಚ್ಚಳ ಹಾಕಿದ ಹಳೆಯ ಗಿಯರನ್ನೂ ಇಟ್ಟು, ‘ಇದು ಗಣಿತಕ್ಕೆ ಸರಿ, ಮಗ್ಗಕ್ಕೆ ಅಲ್ಲ’ ಎಂದು ಚೀಟಿ ಅಂಟಿಸಿದ್ದಳು. ನನ್ನ ಹೆಸರು ಬರೆದಿರಲಿಲ್ಲ, ಅದು ಅವಳ ದೊಡ್ಡ ಮನಸ್ಸು. ಬಹುಮಾನ ಬರಲಿಲ್ಲ, ಜ್ವಾಲಾಮುಖಿಯ ಮಾದರಿ ಮಾಡಿದವರಿಗೆ ಬಂತು. ಪ್ರತಿ ವರ್ಷ ಅವರಿಗೇ ಬರುತ್ತದೆ.

ಮುಂದಿನ ವಾರ ಒಂಬತ್ತನೆಯ ಇಯತ್ತೆಗೆ ಮಧ್ಯರೇಖೆಗಳ ರಚನೆ ಕೊಟ್ಟೆ. ಈ ಸಲ ಒಂದು ಮಾತು ಸೇರಿಸಿದೆ: ಗೆರೆಗಳು ಕೂಡದಿದ್ದರೆ ಎಷ್ಟು ಕೂಡಲಿಲ್ಲ ಎಂದು ಅಳೆದು ಪಕ್ಕದಲ್ಲಿ ಬರೆಯಬೇಕು, ಅಂಕ ಕತ್ತರಿಸುವುದಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಸ್ತರರು ಬಲೆ ಬೀಸುತ್ತಿದ್ದಾರೆಂಬ ಗುಮಾನಿ. ಬಂದದ್ದು 38 ಪುಸ್ತಕ. 31ರಲ್ಲಿ ಮೂರೂ ಗೆರೆಗಳು ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಬಿಂದುವಿನಲ್ಲಿ ಕೂಡಿದ್ದವು. ಉಳಿದ ಏಳನ್ನು ಬೇರೆ ತೆಗೆದಿಟ್ಟು, ಅದರಲ್ಲೊಂದು ಪುಟದ ಫೋಟೋ ತೆಗೆದು ಬೆಳಗಾವಿಗೆ ಕಳಿಸಿದೆ. ಪುಟದ ಅಂಚಿನಲ್ಲಿ ಮಗುವಿನ ಅಕ್ಷರದಲ್ಲಿ ‘ಒಂದೂವರೆ ಮಿಮೀ ಉಳಿದಿದೆ’ ಎಂದಿತ್ತು.

ಸ್ವಲ್ಪ ಹೊತ್ತಿನ ಮೇಲೆ ಉತ್ತರ ಬಂತು: “ಭಾಳ ಆತ್ರಿ ಸರ. ಪೆನ್ಸಿಲ್ ಚೂಪ ಮಾಡಾಕ ಹೇಳ್ರಿ.”